ಮೂರು ಆಯಾಮದ ವೈದ್ಯಕೀಯ ಮಾದರಿ ಎಷ್ಟು ನಿಖರ? ಅಳೆಯುವ ಕ್ರಮ, ಹಂತ ಹಂತವಾಗಿ

ವರದಿಯಲ್ಲಿ "ಸರಾಸರಿ ದೋಷ 0.4 ಮಿ.ಮೀ." ಎಂದಷ್ಟೇ ಬರೆದುಬಿಟ್ಟರೆ ಓದುವವರಿಗೆ ಹೆಚ್ಚೇನೂ ತಿಳಿದಂತಾಗುವುದಿಲ್ಲ. ಆ 0.4 ಸ್ಕ್ಯಾನರ್‌ನಲ್ಲಿ ಹುಟ್ಟಿದ್ದೋ, ಸೆಗ್ಮೆಂಟೇಶನ್ (ಚಿತ್ರದಲ್ಲಿ ಬೇಕಾದ ಭಾಗವನ್ನು ಬೇರ್ಪಡಿಸುವುದು) ಮಾಡುವಾಗ ಸೇರಿದ್ದೋ, ಮೆಶ್ (ತ್ರಿಕೋನಗಳಿಂದ ಹೆಣೆದ ಮೇಲ್ಮೈ) ನಯಗೊಳಿಸುವಾಗ ಬಂದದ್ದೋ, ಅಥವಾ ಅಳೆದ ವಿಧಾನದಲ್ಲೇ ಇದ್ದದ್ದೋ? ಮೂಲ ಗೊತ್ತಿಲ್ಲದ ದೋಷವನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಒಟ್ಟು ದೋಷ ಎಷ್ಟು ಎಂಬುದರ ಜೊತೆಗೆ, ಯಾವ ಹಂತದಲ್ಲಿ ಎಷ್ಟು ಸೇರಿತು ಎಂಬುದನ್ನೂ ಬಿಡಿಸಿ ತೋರಿಸುವಂತೆ ಈ ಕ್ರಮವನ್ನು ಜೋಡಿಸಿದೆ. ಉದಾಹರಣೆಗಳು ಹೆಚ್ಚಾಗಿ ಸಿ.ಟಿ. ಸ್ಕ್ಯಾನ್‌ನಿಂದ ತೆಗೆದ ಮೂಳೆಯ ಮಾದರಿಗೆ ಸಂಬಂಧಿಸಿದವು. ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್‌ನಲ್ಲಿ ಬೇರೆಯಾಗುವ ಸಂಗತಿಗಳು ಕೊನೆಗೆ ಬರುತ್ತವೆ.

ಹಂತ 1: ಎಲ್ಲಿ, ಎಷ್ಟು ನಿಖರತೆ ಬೇಕು

ಅಳೆಯಲು ಕೂರುವ ಮೊದಲೇ ಒಪ್ಪಬಹುದಾದ ಮಿತಿಯನ್ನು ಬರೆದಿಡಿ. ಫಲಿತಾಂಶ ನೋಡಿದ ಮೇಲೆ ಮಿತಿ ಗೊತ್ತುಮಾಡಿದರೆ ಆ ಮಿತಿಗೆ ಬೆಲೆಯಿಲ್ಲ. ಪಿತ್ತಕೋಶದ ಗಾತ್ರ ಅಂದಾಜು ಮಾಡುವ ಮಾದರಿಗೂ, ಮೂಳೆಯ ಮೇಲೆ ಕೂತು ಡ್ರಿಲ್‌ಗೆ ದಾರಿ ತೋರಿಸುವ ಗೈಡ್‌ಗೂ ಒಂದೇ ಮಿತಿ ಇರಲಾರದು. ಗೈಡ್‌ನ ವಿಷಯದಲ್ಲಿ ಮುಖ್ಯವಾದದ್ದು ಅದು ಮೂಳೆಗೆ ತಾಗುವ ಜಾಗ. ಉಳಿದ ಮೇಲ್ಮೈ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಆ ಜಾಗವನ್ನು ಮಾದರಿಯ ಮೇಲೆ ಗುರುತು ಮಾಡಿ, ಅದರ ಅಂಕಿಗಳನ್ನು ಪ್ರತ್ಯೇಕವಾಗಿ ಕೊಡಿ.

ನಿಖರತೆ ಎಂಬ ಒಂದೇ ಪದದೊಳಗೆ ಎರಡು ಸಂಗತಿಗಳಿವೆ ಎಂಬುದೂ ನೆನಪಿರಲಿ. ಅಳತೆಗಳ ಸರಾಸರಿ ನಿಜಕ್ಕೆ ಎಷ್ಟು ಹತ್ತಿರವಿದೆ ಎನ್ನುವುದು ಒಂದು. ಮತ್ತೆ ಮತ್ತೆ ಅಳೆದಾಗ ಅವು ಎಷ್ಟು ಚದುರುತ್ತವೆ ಎನ್ನುವುದು ಇನ್ನೊಂದು. ಐಎಸ್‌ಒ 5725 ಮಾನದಂಡ ಇವೆರಡನ್ನೂ ಬೇರೆಬೇರೆಯಾಗಿ ಇಡುತ್ತದೆ. ನೀವೂ ಹಾಗೆಯೇ ಇಡಿ.

ಹಂತ 2: ನಿಜವಾದ ಅಳತೆ ಗೊತ್ತಿರುವ ವಸ್ತು

ಹೋಲಿಸಲು ಒಂದು ಆಧಾರ ಬೇಕು. ಎರಡು ಬಗೆಯ ವಸ್ತು ಸಿದ್ಧಮಾಡಿಕೊಂಡರೆ ಒಳ್ಳೆಯದು.

ಮೊದಲನೆಯದು ಜ್ಯಾಮಿತಿಯ ಫ್ಯಾಂಟಮ್, ಅಂದರೆ ರೋಗಿಯ ಬದಲು ಸ್ಕ್ಯಾನ್ ಮಾಡುವ ಪರೀಕ್ಷಾ ವಸ್ತು: ಗಟ್ಟಿಯಾದ ಅಕ್ರಿಲಿಕ್ ಚೌಕಟ್ಟಿಗೆ ಅಂಟಿಸಿದ ಆರರಿಂದ ಹತ್ತು ಗೋಳಗಳು. ಸೆರಾಮಿಕ್ ಅಥವಾ ಟೆಫ್ಲಾನ್ ಗೋಳಗಳು ಸಿ.ಟಿ.ಗೆ ಹೊಂದುತ್ತವೆ. ಟೆಫ್ಲಾನ್‌ನ ಸಿ.ಟಿ. ಮೌಲ್ಯ ಸುಮಾರು 900ರಿಂದ 1000 ಹೌನ್ಸ್‌ಫೀಲ್ಡ್ (ಸಿ.ಟಿ. ಮೌಲ್ಯದ ಮಾನ; ನೀರಿಗೆ 0, ಗಾಳಿಗೆ -1000) ಇರುವುದರಿಂದ ಅದು ಮೂಳೆಗೆ ಹತ್ತಿರ. ಉಕ್ಕಿನ ಗೋಳ ಬೇಡ. ಅದರಿಂದ ಹೊರಡುವ ಗೆರೆಗಳು ಅಂಚನ್ನೇ ಕೆಡಿಸುತ್ತವೆ. ಗೋಳಗಳ ವ್ಯಾಸ ಕನಿಷ್ಠ 10 ಮಿ.ಮೀ. ಇರಲಿ. ಅವುಗಳ ನಡುವಿನ ದೂರ 30 ಮಿ.ಮೀ.ನಿಂದ 200 ಮಿ.ಮೀ.ವರೆಗೆ ಹರಡಿರಲಿ, ಮತ್ತು ಎಲ್ಲವೂ ಒಂದೇ ಸಮತಲದಲ್ಲಿ ಬರದಿರಲಿ.

ಎರಡನೆಯದು ನಿಮ್ಮ ಕೆಲಸಕ್ಕೆ ಹೋಲುವ ಆಕಾರ, ಅಂದರೆ ಒಣ ಮೂಳೆ ಅಥವಾ ಮೂಳೆಯಷ್ಟೇ ಸಾಂದ್ರತೆಯ ಅಚ್ಚು. ಗೋಳ ಅಳತೆಗೆ ಸುಲಭ, ಆದರೆ ತೆಳು ಗೋಡೆ, ರಂಧ್ರ, ಚೂಪು ಅಂಚುಗಳು ಕೆಡುವ ಬಗೆಯನ್ನು ಅದು ತೋರಿಸುವುದಿಲ್ಲ.

ಆಧಾರದ ಅಳತೆಯನ್ನು ಸ್ಪರ್ಶ ಸೂಜಿಯ ನಿರ್ದೇಶಾಂಕ ಅಳತೆ ಯಂತ್ರದಿಂದಲೋ ಬೆಳಕಿನ ಪಟ್ಟಿಗಳನ್ನು ಬಳಸುವ ಮೇಲ್ಮೈ ಸ್ಕ್ಯಾನರ್‌ನಿಂದಲೋ ತೆಗೆಯಿರಿ. ನೀವು ಹುಡುಕುತ್ತಿರುವ ದೋಷಕ್ಕಿಂತ ಆಧಾರದ ಅನಿಶ್ಚಿತತೆ ಹತ್ತು ಪಟ್ಟು ಕಡಿಮೆ ಇರಬೇಕು. ಕೊನೆಗೆ ನಾಲ್ಕು ಪಟ್ಟಾದರೂ. ವರ್ನಿಯರ್ ಕ್ಯಾಲಿಪರ್ 0.02 ಮಿ.ಮೀ. ತೋರಿಸುತ್ತದೆ ಎಂದು ನಂಬಿ ಕೂರಬೇಡಿ. ಬಾಗಿದ ಮೂಳೆಯ ಮೇಲೆ ಅದರ ದವಡೆಯನ್ನು ಪ್ರತಿಸಲವೂ ಒಂದೇ ಜಾಗದಲ್ಲಿ ಇಡಲಾಗುವುದಿಲ್ಲ, ಆದ್ದರಿಂದ ನಿಜವಾದ ಚದುರುವಿಕೆ ಅದಕ್ಕಿಂತ ಬಹಳ ಹೆಚ್ಚು. ಕ್ಯಾಲಿಪರ್ ಬಳಸಲೇಬೇಕಿದ್ದರೆ ಮೂಳೆಯ ಮೇಲೆ ಸಣ್ಣ ಗುಳಿ ಕೊರೆದು ಆ ಗುಳಿಯಿಂದ ಗುಳಿಗೆ ಅಳೆಯಿರಿ.

ಹಂತ 3: ಸ್ಕ್ಯಾನ್ ಮತ್ತು ಕಡತದ ಪರೀಕ್ಷೆ

ರೋಗಿಗೆ ಬಳಸುವ ಪ್ರೋಟೋಕಾಲ್‌ನಲ್ಲೇ ಫ್ಯಾಂಟಮ್ ಸ್ಕ್ಯಾನ್ ಮಾಡಿ. ಪರೀಕ್ಷೆಗೆಂದು ವಿಶೇಷವಾಗಿ ತೆಳು ಸ್ಲೈಸ್ (ಒಂದು ಅಡ್ಡ ಪದರದ ಚಿತ್ರ), ಹೆಚ್ಚು ವಿಕಿರಣ ಕೊಟ್ಟರೆ ಸಿಗುವ ನಿಖರತೆ ರೋಗಿಯ ಮಾದರಿಗೆ ಅನ್ವಯಿಸುವುದಿಲ್ಲ. ಫ್ಯಾಂಟಮ್ ಅನ್ನು ಮೂರು ಬೇರೆ ಭಂಗಿಗಳಲ್ಲಿ ಇಟ್ಟು ಮೂರು ಸಲ ಸ್ಕ್ಯಾನ್ ಮಾಡಿ. ಒಮ್ಮೆ ಮೇಜಿನ ಉದ್ದಕ್ಕೆ ಓರೆಯಾಗಿ ಇಟ್ಟಿರಬೇಕು.

ವಾಕ್ಸೆಲ್‌ನ (ಚಿತ್ರದ ಅತಿ ಸಣ್ಣ ಘನ, ಪಿಕ್ಸೆಲ್‌ನ ಮೂರು ಆಯಾಮದ ರೂಪ) ಗಾತ್ರವನ್ನು ಮೊದಲು ಲೆಕ್ಕ ಹಾಕಿ. ದೃಶ್ಯಕ್ಷೇತ್ರ 250 ಮಿ.ಮೀ., ಚಿತ್ರದ ಗಾತ್ರ 512 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ 0.49 ಮಿ.ಮೀ.; ಅದೇ 500 ಮಿ.ಮೀ. ಕ್ಷೇತ್ರವಾದರೆ 0.98 ಮಿ.ಮೀ. ಕೈಯ ಮಣಿಕಟ್ಟನ್ನು ಇಡೀ ದೇಹದ ಕ್ಷೇತ್ರದಲ್ಲಿ ತೆಗೆದು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸಣ್ಣ ವಾಕ್ಸೆಲ್‌ಗೆ ಬದಲಿಸಿದರೆ ಹೊಸ ಮಾಹಿತಿ ಏನೂ ಹುಟ್ಟುವುದಿಲ್ಲ.

ಡೈಕಾಮ್ (ವೈದ್ಯಕೀಯ ಚಿತ್ರಗಳ ಪ್ರಮಾಣಿತ ರೂಪ) ಕಡತಗಳಲ್ಲಿ ಮೂರು ಸಂಗತಿಗಳನ್ನು ತಪ್ಪದೆ ನೋಡಿ.

ಸ್ಲೈಸ್‌ಗಳ ನಡುವಿನ ಅಂತರವನ್ನು ಸ್ಲೈಸ್ ದಪ್ಪದಿಂದ ತೆಗೆದುಕೊಳ್ಳಬೇಡಿ. ದಪ್ಪ 1.25 ಮಿ.ಮೀ., ಅಂತರ 1 ಮಿ.ಮೀ. ಎಂದು ಒಂದರ ಮೇಲೊಂದು ಹೊದಿಸಿ ಚಿತ್ರ ಮಾಡುವುದು ಸಾಮಾನ್ಯ. ಸಾಫ್ಟ್‌ವೇರ್ ದಪ್ಪವನ್ನೇ ಅಂತರವೆಂದು ಓದಿದರೆ ಮಾದರಿ ಒಂದು ದಿಕ್ಕಿನಲ್ಲಿ ಶೇ. 25ರಷ್ಟು ಉದ್ದವಾಗುತ್ತದೆ. ಪ್ರತಿ ಸ್ಲೈಸ್‌ನಲ್ಲಿ ದಾಖಲಾಗಿರುವ ಸ್ಥಾನದ ನಿರ್ದೇಶಾಂಕಗಳ ವ್ಯತ್ಯಾಸವೇ ನಿಜವಾದ ಅಂತರ. ಆ ವ್ಯತ್ಯಾಸ ಎಲ್ಲ ಜೋಡಿಗಳಲ್ಲೂ ಒಂದೇ ಇದೆಯೇ ಎಂದೂ ನೋಡಿ. ಒಂದು ಸ್ಲೈಸ್ ಕಳೆದುಹೋಗಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಗ್ಯಾಂಟ್ರಿ (ಸ್ಕ್ಯಾನರ್‌ನ ಬಳೆಯಂಥ ಭಾಗ) ಓರೆಯಾಗಿತ್ತೇ ನೋಡಿ. 15 ಡಿಗ್ರಿ ಓರೆಯಲ್ಲಿ ತೆಗೆದದ್ದನ್ನು ಸಾಫ್ಟ್‌ವೇರ್ ನೇರವೆಂದು ಭಾವಿಸಿ ಜೋಡಿಸಿದರೆ, ಮೇಜು 100 ಮಿ.ಮೀ. ಸರಿದಾಗ ಸ್ಲೈಸ್‌ಗಳು ಸುಮಾರು 26 ಮಿ.ಮೀ. ಪಕ್ಕಕ್ಕೆ ಜಾರಿರುತ್ತವೆ. ಇಷ್ಟು ದೊಡ್ಡದು ಕಣ್ಣಿಗೇ ಬೀಳುತ್ತದೆ. 2-3 ಡಿಗ್ರಿಯದು ಬೀಳುವುದಿಲ್ಲ, ಅಪಾಯ ಅದರಲ್ಲೇ.

ಮೂರನೆಯದು ಮರುರಚನೆಯ ಕರ್ನಲ್, ಅಂದರೆ ಚಿತ್ರ ಕಟ್ಟುವಾಗ ಅದನ್ನು ಹರಿತ ಅಥವಾ ಮೃದು ಮಾಡುವ ಗಣಿತದ ಸೋಸುಕ. ಮೂಳೆಗೆಂದು ಬಳಸುವ ಹರಿತ ಕರ್ನಲ್ ಅಂಚಿನಲ್ಲಿ ಮೌಲ್ಯವನ್ನು ನಿಜಕ್ಕಿಂತ ಮೇಲಕ್ಕೂ ಕೆಳಕ್ಕೂ ಎಗರಿಸುತ್ತದೆ ಮತ್ತು ಗದ್ದಲ ಹೆಚ್ಚಿಸುತ್ತದೆ. ಮೃದು ಕರ್ನಲ್ ಅಂಚನ್ನು ಹರಡುತ್ತದೆ. ಯಾವುದನ್ನೇ ಆರಿಸಿ, ಆದರೆ ಪರೀಕ್ಷೆಯಿಂದ ರೋಗಿಯವರೆಗೆ ಅದನ್ನೇ ಉಳಿಸಿಕೊಳ್ಳಿ.

ಹಂತ 4: ಅಂಚು ಎಲ್ಲಿದೆ?

ಮೂಳೆಯ ಮಾದರಿಯಲ್ಲಿ ಅತಿ ಹೆಚ್ಚು ದೋಷ ಸೇರುವುದು ಸಾಮಾನ್ಯವಾಗಿ ಇಲ್ಲಿ. ಸ್ಕ್ಯಾನರ್ ಯಾವ ಅಂಚನ್ನೂ ಕತ್ತರಿಸಿದಂತೆ ತೋರಿಸುವುದಿಲ್ಲ. ಮೌಲ್ಯ ಮೂಳೆಯಿಂದ ಪಕ್ಕದ ಅಂಗಾಂಶಕ್ಕೆ ನಿಧಾನವಾಗಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಥ್ರೆಶೋಲ್ಡ್ (ಇದಕ್ಕಿಂತ ಮೇಲಿನದೆಲ್ಲ ಮೂಳೆ ಎನ್ನುವ ಗಡಿ ಮೌಲ್ಯ) ಎಲ್ಲಿ ಇಡುತ್ತೀರೋ ಮೇಲ್ಮೈ ಅಲ್ಲಿ ಹುಟ್ಟುತ್ತದೆ. ದಪ್ಪ ಗೋಡೆಗಳಿಗೆ ಸರಿಯಾದ ಜಾಗ ಎರಡೂ ಬದಿಯ ಮೌಲ್ಯಗಳ ನಟ್ಟನಡುವೆ.

ಲೆಕ್ಕ ಮಾಡಿ ನೋಡೋಣ. ಗಟ್ಟಿ ಮೂಳೆ 1200, ಸುತ್ತಲಿನ ಸ್ನಾಯು 50 ಹೌನ್ಸ್‌ಫೀಲ್ಡ್ ಇದ್ದರೆ ನಡುಬಿಂದು 625. ಹಲವರು ಮೂಳೆಗೆಂದು 226ರಿಂದ ಶುರುವಾಗುವ ಸಿದ್ಧ ಥ್ರೆಶೋಲ್ಡ್ ಬಳಸುತ್ತಾರೆ. ಚಿತ್ರದ ಮಸುಕು ಗಾಸಿಯನ್ (ಗಂಟೆಯಂಥ) ಆಕಾರದ್ದು, ಅದರ ಪ್ರಮಾಣಿತ ವಿಚಲನೆ 0.5 ಮಿ.ಮೀ. ಎಂದಿಟ್ಟುಕೊಂಡರೆ, 226ರಲ್ಲಿ ಹುಟ್ಟುವ ಮೇಲ್ಮೈ ನಿಜವಾದ ಅಂಚಿನಿಂದ ಸುಮಾರು ಅರ್ಧ ಮಿ.ಮೀ. ಹೊರಗಿರುತ್ತದೆ. ಎರಡೂ ಬದಿ ಸೇರಿ ಮೂಳೆ 1 ಮಿ.ಮೀ. ಹೆಚ್ಚು ದಪ್ಪ ಕಾಣುತ್ತದೆ.

ಈಗ ಅದೇ ಮೂಳೆಯನ್ನು ಒಣಗಿಸಿ ಗಾಳಿಯಲ್ಲಿ ಇಟ್ಟು ಸ್ಕ್ಯಾನ್ ಮಾಡಿ. ಗಾಳಿ -1000, ಮೂಳೆ 1200, ನಡುಬಿಂದು 100. ಅದೇ 226ರ ಥ್ರೆಶೋಲ್ಡ್ ಈಗ ಮೇಲ್ಮೈಯನ್ನು 0.07 ಮಿ.ಮೀ. ಮಾತ್ರ ಒಳಕ್ಕೆ ತಳ್ಳುತ್ತದೆ. ಅಂದರೆ ಗಾಳಿಯಲ್ಲಿಟ್ಟ ಒಣ ಮೂಳೆಯ ಪರೀಕ್ಷೆಯಲ್ಲಿ ಬಹುತೇಕ ಪರಿಪೂರ್ಣವಾಗಿ ಕಾಣುವ ಪ್ರಕ್ರಿಯೆ ರೋಗಿಯಲ್ಲಿ ಅರ್ಧ ಮಿ.ಮೀ. ತಪ್ಪುತ್ತದೆ. ಆದ್ದರಿಂದ ಒಣ ಮೂಳೆಯನ್ನು ನೀರಿನಲ್ಲಿ ಮುಳುಗಿಸಿಯೇ ಸ್ಕ್ಯಾನ್ ಮಾಡಿ, ರಂಧ್ರಗಳಲ್ಲಿ ಸಿಕ್ಕಿದ ಗಾಳಿಗುಳ್ಳೆಗಳು ಹೊರಹೋಗುವಷ್ಟು ಹೊತ್ತು ನೆನೆಸಿ. ಈ ಒಂದು ಎಚ್ಚರಿಕೆ ಬಿಟ್ಟುಹೋದ ಪರೀಕ್ಷೆಯ ಅಂಕಿಗಳನ್ನು ರೋಗಿಯ ವಿಷಯದಲ್ಲಿ ನಂಬುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನಡುಬಿಂದುವಿನ ನಿಯಮಕ್ಕೂ ಮಿತಿಯಿದೆ. ಗೋಡೆಯ ದಪ್ಪ ಮಸುಕಿನ ಹರವಿಗಿಂತ ಕಡಿಮೆಯಾದಾಗ ಮೌಲ್ಯ ಪೂರ್ತಿ ಮೇಲೇರುವುದೇ ಇಲ್ಲ. ಕಣ್ಣಿನ ಕುಳಿಯ ತಳದಂಥ ತೆಳು ಮೂಳೆ ಮಾದರಿಯಲ್ಲಿ ತೂತು ತೂತಾಗಿ ಕಾಣುವುದು ಇದರಿಂದಲೇ. ಅಲ್ಲಿ ಥ್ರೆಶೋಲ್ಡ್ ಇಳಿಸಿ ತೂತು ಮುಚ್ಚಿದರೆ ಉಳಿದ ಮೂಳೆ ಊದಿಕೊಳ್ಳುತ್ತದೆ. ತೆಳು ಭಾಗವನ್ನು ಪ್ರತ್ಯೇಕವಾಗಿ ಸೆಗ್ಮೆಂಟ್ ಮಾಡಿ, ಅದರ ದೋಷವನ್ನೂ ಪ್ರತ್ಯೇಕವಾಗಿ ಬರೆಯಿರಿ. ಕೋನ್ ಬೀಮ್ ಸಿ.ಟಿ.ಯಲ್ಲಂತೂ (ಶಂಕುವಿನಾಕಾರದ ಕಿರಣ ಬಳಸುವ ಸಿ.ಟಿ.) ಬೂದು ಮೌಲ್ಯಗಳು ಹೌನ್ಸ್‌ಫೀಲ್ಡ್ ಮಾಪಕಕ್ಕೆ ನಂಬುವಂತೆ ಹೊಂದುವುದಿಲ್ಲ. ಅಲ್ಲಿ ಸಿದ್ಧ ಸಂಖ್ಯೆ ಬಿಟ್ಟು, ಪ್ರತಿ ಸ್ಕ್ಯಾನ್‌ನಲ್ಲೂ ಅಂಚಿಗೆ ಅಡ್ಡವಾಗಿ ಗೆರೆ ಎಳೆದು ಎರಡೂ ಬದಿಯ ಮೌಲ್ಯ ಓದಿ ನಡುಬಿಂದು ಹುಡುಕಿ.

ಹಂತ 5: ಮೆಶ್

ಸೆಗ್ಮೆಂಟೇಶನ್‌ನಿಂದ ತ್ರಿಕೋನಗಳ ಮೇಲ್ಮೈ ತೆಗೆಯಲು ಹೆಚ್ಚಿನ ಸಾಫ್ಟ್‌ವೇರ್‌ಗಳು 1987ರಲ್ಲಿ ಪ್ರಕಟವಾದ ಮಾರ್ಚಿಂಗ್ ಕ್ಯೂಬ್ಸ್ ವಿಧಾನವನ್ನೋ ಅದರ ಸುಧಾರಿತ ರೂಪವನ್ನೋ ಬಳಸುತ್ತವೆ. ಮೂಲ ಬೂದು ಮೌಲ್ಯಗಳ ಮೇಲೆ ಓಡಿಸಿದರೆ ವಾಕ್ಸೆಲ್‌ಗಿಂತ ಸೂಕ್ಷ್ಮವಾಗಿ ಅಂಚು ಸಿಗುತ್ತದೆ. ಸೊನ್ನೆ-ಒಂದರ ಮುಖವಾಡದ ಮೇಲೆ ಓಡಿಸಿದರೆ ಮೆಟ್ಟಿಲು ಮೆಟ್ಟಿಲಾದ ಮೇಲ್ಮೈ ಬರುತ್ತದೆ, ಆಮೇಲೆ ನಯಗೊಳಿಸುವ ಆಸೆಯಾಗುತ್ತದೆ. ಪ್ರತಿ ಬಿಂದುವನ್ನು ನೆರೆಯ ಬಿಂದುಗಳ ಸರಾಸರಿಯತ್ತ ಸರಿಸುವ ಸರಳ ಲಾಪ್ಲಾಸಿಯನ್ ವಿಧಾನದಲ್ಲಿ ನಯಗೊಳಿಸಿದಷ್ಟೂ ಮಾದರಿ ಕುಗ್ಗುತ್ತದೆ. ಚೂಪಾದ ತುದಿಗಳು ಮೊದಲು ಹೋಗುತ್ತವೆ. ಟೌಬಿನ್ ವಿಧಾನ ಒಂದು ಹೆಜ್ಜೆ ಕುಗ್ಗಿಸಿ ಇನ್ನೊಂದರಲ್ಲಿ ಹಿಗ್ಗಿಸುವುದರಿಂದ ಗಾತ್ರ ಬಹುತೇಕ ಉಳಿಯುತ್ತದೆ.

ನಯಗೊಳಿಸುವ ಮೊದಲಿನ ಮೆಶ್, ನಂತರದ್ದು, ತ್ರಿಕೋನ ಕಡಿಮೆ ಮಾಡಿದ ಮೇಲಿನದ್ದು, ಮೂರನ್ನೂ ಉಳಿಸಿ. ಒಂದನ್ನೊಂದು ಹೋಲಿಸಿದರೆ ಈ ಹಂತದ ದೋಷ ತಾನೇ ಹೊರಬರುತ್ತದೆ. ಅದು ವಾಕ್ಸೆಲ್ ಗಾತ್ರದ ಹತ್ತನೇ ಒಂದು ಭಾಗ ಮೀರಬಾರದು ಎಂಬ ಮಿತಿ ಇಟ್ಟುಕೊಳ್ಳಿ. ಮೆಶ್ ಉಳಿಸುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನ ದಾಖಲಾಗುವುದಿಲ್ಲ ಎಂಬುದು ನೆನಪಿರಲಿ. ಮಿಲಿಮೀಟರ್ ಮಾದರಿಯನ್ನು ಇಂಚು ಎಂದು ತೆರೆದರೆ 25.4 ಪಟ್ಟು ದೊಡ್ಡದಾಗುತ್ತದೆ. ನಿರ್ದೇಶಾಂಕದ ದಿಕ್ಕೂ ಹಾಗೆಯೇ. ಡೈಕಾಮ್‌ನಲ್ಲಿ ಮೊದಲ ಅಕ್ಷ ರೋಗಿಯ ಎಡಕ್ಕೆ ಹೆಚ್ಚುತ್ತದೆ, ಎರಡನೆಯದು ಬೆನ್ನಿನ ಕಡೆಗೆ. ತ್ರಿಡಿ ಸ್ಲೈಸರ್ ಎಂಬ ಸಾಫ್ಟ್‌ವೇರ್‌ನ ಒಳಗೆ ಬಲಕ್ಕೆ ಮತ್ತು ಮುಂದಕ್ಕೆ. ಕಡತ ಬದಲಾಯಿಸುವಾಗ ಮಾದರಿ ತಲೆ-ಕಾಲಿನ ಅಕ್ಷದ ಸುತ್ತ 180 ಡಿಗ್ರಿ ತಿರುಗಿದಂತೆ ಕಂಡರೆ ಕಾರಣ ಇದೇ.

ಹಂತ 6: ಹಿಗ್ಗು ಮತ್ತು ಅಂಚಿನ ದೋಷವನ್ನು ಬೇರ್ಪಡಿಸುವುದು

ಗೋಳಗಳ ಫ್ಯಾಂಟಮ್ ಈಗ ಕೆಲಸಕ್ಕೆ ಬರುತ್ತದೆ. ಪ್ರತಿ ಗೋಳದ ಮೇಲ್ಮೈ ಬಿಂದುಗಳಿಗೆ ಕನಿಷ್ಠ ವರ್ಗ ವಿಧಾನದಿಂದ ಗೋಳ ಹೊಂದಿಸಿ, ಕೇಂದ್ರ ಮತ್ತು ವ್ಯಾಸ ತೆಗೆಯಿರಿ. ಥ್ರೆಶೋಲ್ಡ್ ತಪ್ಪಿದರೆ ಗೋಳ ಎಲ್ಲ ಕಡೆ ಸಮನಾಗಿ ಊದುತ್ತದೆ ಅಥವಾ ಕುಗ್ಗುತ್ತದೆ, ಕೇಂದ್ರ ಅಲುಗುವುದಿಲ್ಲ. ವಾಕ್ಸೆಲ್ ಅಂತರ ತಪ್ಪಿದರೆ ಕೇಂದ್ರಗಳ ನಡುವಿನ ದೂರವೇ ಬದಲಾಗುತ್ತದೆ. ಹೀಗೆ ಎರಡು ದೋಷಗಳು ಎರಡು ಅಳತೆಗಳಲ್ಲಿ ತಾವಾಗಿ ಬೇರೆಯಾಗುತ್ತವೆ.

ಕೇಂದ್ರದಿಂದ ಕೇಂದ್ರಕ್ಕೆ ಎಲ್ಲ ಜೋಡಿಗಳ ದೂರ ತೆಗೆದು ನಿಜವಾದ ದೂರದೊಡನೆ ಹೋಲಿಸಿ. 50 ಮಿ.ಮೀ. ಇರುವುದು 50.3, 100 ಇರುವುದು 100.6 ಎಂದು ಬಂದರೆ ದೋಷ ದೂರಕ್ಕೆ ತಕ್ಕಂತೆ ಬೆಳೆಯುತ್ತಿದೆ, ಅದು ಶೇ. 0.6ರ ಹಿಗ್ಗು. ಮೇಜಿನ ದಿಕ್ಕಿನ ಜೋಡಿಗಳಲ್ಲಿ ಮಾತ್ರ ಹಾಗೆ ಬಂದರೆ ಸ್ಲೈಸ್ ಅಂತರವನ್ನು ಮತ್ತೆ ನೋಡಿ. ಎಲ್ಲ ದಿಕ್ಕಿನಲ್ಲೂ ದೂರ ಸರಿಯಿದ್ದು, ವ್ಯಾಸ ಮಾತ್ರ ಎಲ್ಲ ಗೋಳಗಳಲ್ಲೂ 0.8 ಮಿ.ಮೀ. ಹೆಚ್ಚು ಬಂದರೆ, ಅಂಚು 0.4 ಮಿ.ಮೀ. ಹೊರಗಿದೆ ಎಂದರ್ಥ. ಥ್ರೆಶೋಲ್ಡ್ ತಿದ್ದಿ.

ಮೂಳೆಯ ಮೇಲಿನ ಹೊರ ಅಳತೆಗಳಿಗೂ ಇದೇ ತರ್ಕ. ಹಲವು ಉದ್ದಗಳನ್ನು ಅಳೆದು, ನಿಜವಾದ ಅಳತೆ ಅಡ್ಡಕ್ಕೆ, ಮಾದರಿಯ ಅಳತೆ ಉದ್ದಕ್ಕೆ ಇಟ್ಟು ಸರಳ ರೇಖೆ ಹೊಂದಿಸಿ. ರೇಖೆಯ ಇಳಿಜಾರು ಹಿಗ್ಗನ್ನು ಹೇಳುತ್ತದೆ. ರೇಖೆ ಸೊನ್ನೆಯಿಂದ ಎಷ್ಟು ಮೇಲೆ ಹೊರಡುತ್ತದೋ ಅದರ ಅರ್ಧ, ಅಂಚು ಸರಿದ ಪ್ರಮಾಣ. ಇದಕ್ಕೆ ಸಣ್ಣ ಅಳತೆಗಳೂ ದೊಡ್ಡವೂ ಬೇಕು. ಎಲ್ಲವೂ 90ರಿಂದ 110 ಮಿ.ಮೀ.ನೊಳಗೆ ಇದ್ದರೆ ರೇಖೆಗೆ ಹಿಡಿತ ಸಿಗುವುದಿಲ್ಲ.

ಹಂತ 7: ಎರಡು ಮೇಲ್ಮೈಗಳನ್ನು ಒಂದರ ಮೇಲೊಂದು ಕೂರಿಸುವುದು

ಮೂಳೆಯ ಇಡೀ ಮೇಲ್ಮೈ ಹೋಲಿಸಲು ಮಾದರಿಯನ್ನೂ ಆಧಾರ ಸ್ಕ್ಯಾನ್ ಅನ್ನೂ ಒಂದೇ ಜಾಗಕ್ಕೆ ತರಬೇಕು. ಮೊದಲು ನಾಲ್ಕಾರು ಗುರುತು ಬಿಂದುಗಳಿಂದ ಒರಟಾಗಿ, ನಂತರ ಹತ್ತಿರದ ಬಿಂದುಗಳನ್ನು ಮತ್ತೆ ಮತ್ತೆ ಹೊಂದಿಸುವ ಐಸಿಪಿ ವಿಧಾನದಿಂದ ನಿಖರವಾಗಿ. ಕ್ಲೌಡ್‌ಕಂಪೇರ್ ಎಂಬ ಸಾಫ್ಟ್‌ವೇರ್‌ನಲ್ಲಿ ಎರಡೂ ಸಾಧ್ಯ. ಗಾತ್ರ ಹೊಂದಿಸುವ ಆಯ್ಕೆ ಮುಚ್ಚಿರಲಿ. ಅದು ತೆರೆದಿದ್ದರೆ ನೀವು ಹುಡುಕುತ್ತಿರುವ ಹಿಗ್ಗನ್ನೇ ಸಾಫ್ಟ್‌ವೇರ್ ಅಳಿಸಿಹಾಕುತ್ತದೆ.

ಐಸಿಪಿಗೆ ಇನ್ನೊಂದು ಗುಣವಿದೆ. ದೋಷದ ಮೊತ್ತ ಕಡಿಮೆ ಮಾಡುವುದಷ್ಟೇ ಅದರ ಗುರಿ, ಆದ್ದರಿಂದ ಒಂದು ಕಡೆಯ ದೋಷವನ್ನು ಅದು ಎಲ್ಲ ಕಡೆ ಹಂಚುತ್ತದೆ. ಚಪ್ಪಟೆ ಮೂಳೆಯ ಒಂದು ಮುಖ 0.6 ಮಿ.ಮೀ. ಊದಿ ಇನ್ನೊಂದು ಸರಿಯಿದ್ದರೆ, ಹೊಂದಿಸಿದ ಮೇಲೆ ಎರಡೂ ಮುಖಗಳಲ್ಲಿ 0.3 ಕಾಣುತ್ತದೆ. ಬಣ್ಣದ ನಕ್ಷೆ ಸುಂದರವಾಗಿರುತ್ತದೆ, ದೋಷದ ಜಾಗ ಮಾತ್ರ ತಪ್ಪು. ಇದನ್ನು ತಪ್ಪಿಸಲು ವಸ್ತುವಿಗೇ ಗೋಳಗಳನ್ನು ಅಂಟಿಸಿ, ಅವುಗಳ ಕೇಂದ್ರಗಳಿಂದ ಹೊಂದಿಸಿ, ಮೂಳೆಯ ಮೇಲ್ಮೈಯನ್ನು ಅಳತೆಗೆ ಮಾತ್ರ ಬಳಸಿ.

ಗುರುತು ಬಿಂದುಗಳಲ್ಲಿ ಉಳಿಯುವ ದೋಷವನ್ನು ನಿಖರತೆ ಎಂದು ವರದಿ ಮಾಡಬೇಡಿ. ಬಿಂದುಗಳ ಸಂಖ್ಯೆ ಕಡಿಮೆಯಿದ್ದಷ್ಟೂ ಅದು ತಾನಾಗಿ ಸಣ್ಣದಾಗುತ್ತದೆ: ಪ್ರತಿ ಬಿಂದುವನ್ನು ಗುರುತಿಸುವಲ್ಲಿನ ದೋಷ 1 ಮಿ.ಮೀ. ಇದ್ದರೂ ನಾಲ್ಕು ಬಿಂದುಗಳಲ್ಲಿ ಉಳಿಕೆ ಸುಮಾರು 0.7, ಮೂರರಲ್ಲಿ 0.58. ಹೊಂದಿಸಲು ಬಳಸದ ಬಿಂದುಗಳಲ್ಲಿ ಎಷ್ಟು ತಪ್ಪಿದೆ ಎಂಬುದೇ ಉಪಯೋಗಕ್ಕೆ ಬರುವ ಸಂಖ್ಯೆ.

ಹಂತ 8: ಯಾವ ಸಂಖ್ಯೆ ಕೊಡಬೇಕು

ದೂರವನ್ನು ಬಿಂದುವಿನಿಂದ ತ್ರಿಕೋನದ ಮೇಲ್ಮೈಗೆ ಅಳೆಯಿರಿ. ಬಿಂದುವಿನಿಂದ ಬಿಂದುವಿಗೆ ಅಳೆದರೆ ಒರಟು ಮೆಶ್‌ನಲ್ಲಿ ದೋಷ ಇಲ್ಲದಿದ್ದರೂ ದೂರ ಕಾಣುತ್ತದೆ. ಮಾದರಿಯಿಂದ ಆಧಾರಕ್ಕೂ, ಆಧಾರದಿಂದ ಮಾದರಿಗೂ ಎರಡು ಸಲ ಅಳೆಯಿರಿ. ಮಾದರಿಯಲ್ಲಿ ಮೂಳೆಯ ಒಂದು ತುಂಡೇ ಕಾಣೆಯಾಗಿದ್ದರೆ ಮೊದಲ ದಿಕ್ಕಿನಲ್ಲಿ ಅದು ಗೊತ್ತೇ ಆಗುವುದಿಲ್ಲ.

ಚಿಹ್ನೆ ಸಹಿತ ಸರಾಸರಿ (ಮೇಲ್ಮೈ ಹೊರಗಿದ್ದರೆ +, ಒಳಗಿದ್ದರೆ -), ಚಿಹ್ನೆ ಬಿಟ್ಟ ಸರಾಸರಿ, ಶೇ. 95ರ ದೂರ (ಶೇ. 95ರಷ್ಟು ಬಿಂದುಗಳು ಇದರೊಳಗೆ ಬರುತ್ತವೆ), ಗರಿಷ್ಠ ದೂರ, ಈ ನಾಲ್ಕನ್ನೂ ಕೊಡಿ. ಚಿಹ್ನೆ ಸಹಿತ ಸರಾಸರಿ ಸೊನ್ನೆಯಾದರೆ ಸಂತೋಷಪಡಬೇಡಿ. ಒಂದು ಕಡೆ +1, ಇನ್ನೊಂದು ಕಡೆ -1 ಇದ್ದರೂ ಅದು ಸೊನ್ನೆಯೇ. ಗರಿಷ್ಠ ದೂರಕ್ಕೆ ಹೌಸ್ಡಾರ್ಫ್ ದೂರ ಎನ್ನುತ್ತಾರೆ. ಒಂದೇ ಒಂದು ಗದ್ದಲದ ಚುಕ್ಕೆ ಅದನ್ನು ಹಾರಿಸಿಬಿಡುವುದರಿಂದ ಶೇ. 95ರ ರೂಪ ಹೆಚ್ಚು ಸ್ಥಿರ, ಆದರೆ ಗೈಡ್ ಕೂರುವ ಜಾಗದಲ್ಲಿ ಆ ಒಂದು ಚುಕ್ಕೆಯೂ ಮುಖ್ಯ. ದೋಷಗಳ ಹಂಚಿಕೆಯ ಚಿತ್ರವನ್ನು ತಪ್ಪದೆ ನೋಡಿ: ಇಡೀ ಗುಡ್ಡ ಒಂದು ಬದಿಗೆ ಸರಿದಿದ್ದರೆ ಥ್ರೆಶೋಲ್ಡ್ ಶಂಕಿತ, ಎರಡು ಗುಡ್ಡಗಳಿದ್ದರೆ ಹೊಂದಾಣಿಕೆ ಶಂಕಿತ. ಎಲ್ಲ ಚಿಹ್ನೆಗಳೂ ತಿರುಗುಮುರುಗಾಗಿದ್ದರೆ ಮೆಶ್‌ನ ಲಂಬಗಳು (ಪ್ರತಿ ತ್ರಿಕೋನದ ಹೊರಬದಿ ಯಾವುದು ಎಂದು ತೋರಿಸುವ ಗೆರೆಗಳು) ಒಳಮುಖವಾಗಿವೆ.

ಮೃದು ಅಂಗಗಳಿಗೆ ಡೈಸ್ ಗುಣಾಂಕ ಬಳಸುವುದು ರೂಢಿ. ಎರಡು ಆಕಾರಗಳು ಎಷ್ಟು ಒಂದರ ಮೇಲೊಂದು ಕೂರುತ್ತವೆ ಎಂಬುದನ್ನು ಅದು 0ಯಿಂದ 1ರವರೆಗೆ ಹೇಳುತ್ತದೆ. ಇದು ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. 10 ಮಿ.ಮೀ. ತ್ರಿಜ್ಯದ ಗಂಟನ್ನು ಎಲ್ಲ ಕಡೆ 0.5 ಮಿ.ಮೀ. ಸಣ್ಣದಾಗಿ ಗುರುತಿಸಿದರೆ ಡೈಸ್ 0.92, 40 ಮಿ.ಮೀ. ತ್ರಿಜ್ಯದ ಅಂಗದಲ್ಲಿ ಅದೇ 0.5 ಮಿ.ಮೀ. ತಪ್ಪಿಗೆ 0.98. ಯಕೃತ್ತಿನ 0.98ನ್ನು ಸಣ್ಣ ಗಂಟಿನ 0.92ರೊಡನೆ ಹೋಲಿಸಿ ಒಂದು ಉತ್ತಮ, ಇನ್ನೊಂದು ಕಳಪೆ ಎನ್ನುವುದು ಅನ್ಯಾಯ. ಡೈಸ್ ಕೊಟ್ಟಲ್ಲೆಲ್ಲ ಮೇಲ್ಮೈ ದೂರವನ್ನೂ ಕೊಡಿ. ಹಾಗೆಯೇ, ರೋಗಿಯ ಚಿತ್ರದ ಮೇಲೆ ತಜ್ಞರು ಎಳೆದ ಗೆರೆಯೊಡನೆ ಹೋಲಿಸಿದಾಗ ಸಿಗುವುದು ತಜ್ಞರೊಡನೆ ಇರುವ ಸಹಮತ. ಅಂಗದ ನಿಜವಾದ ಅಂಚಿಗೆ ಎಷ್ಟು ಹತ್ತಿರ ಎಂಬುದನ್ನು ಅದು ಹೇಳುವುದಿಲ್ಲ.

ಹಂತ 9: ಮರು ಅಳತೆ

ಕೈಯಿಂದ ಮಾಡುವ ಹಂತ ಇದ್ದರೆ ಕನಿಷ್ಠ ಇಬ್ಬರು, ಪ್ರತಿಯೊಬ್ಬರೂ ಎರಡು ಸಲ, ಕೆಲವು ದಿನಗಳ ಅಂತರದಲ್ಲಿ, ಹಿಂದಿನ ಫಲಿತಾಂಶ ನೋಡದೆ ಮಾಡಬೇಕು. ಒಬ್ಬರದೇ ಎರಡು ಅಳತೆಗಳ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿ, ಜೋಡಿಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ ವರ್ಗಮೂಲ ತೆಗೆದರೆ ಅಳತೆಯ ಚದುರುವಿಕೆ ಮಿ.ಮೀ.ನಲ್ಲೇ ಸಿಗುತ್ತದೆ.

ಆಧಾರದೊಡನೆ ಹೋಲಿಸಲು ಸಹಸಂಬಂಧ ಗುಣಾಂಕ ಬೇಡ. ಎಲ್ಲ ಅಳತೆಗಳೂ 2 ಮಿ.ಮೀ. ಹೆಚ್ಚಿದ್ದರೂ ಅದು 1 ಎಂದೇ ತೋರಿಸಬಹುದು. ವ್ಯತ್ಯಾಸಗಳ ಸರಾಸರಿ ಮತ್ತು ಅದರಿಂದ 1.96 ಪ್ರಮಾಣಿತ ವಿಚಲನೆ ಮೇಲೆ ಕೆಳಗಿನ ಮಿತಿಗಳನ್ನು ಕೊಡುವ ಬ್ಲಾಂಡ್-ಆಲ್ಟ್‌ಮನ್ ವಿಧಾನ ಬಳಸಿ. ಸರಾಸರಿ 0.3, ವಿಚಲನೆ 0.4 ಮಿ.ಮೀ. ಆದರೆ ಮಿತಿಗಳು -0.48 ಮತ್ತು 1.08. ಹಂತ 1ರಲ್ಲಿ ಬರೆದಿಟ್ಟ ಮಿತಿ 1 ಮಿ.ಮೀ. ಆಗಿದ್ದರೆ, ಸರಾಸರಿ ಚೆನ್ನಾಗಿದ್ದರೂ ಈ ಪ್ರಕ್ರಿಯೆ ತೇರ್ಗಡೆಯಾಗಲಿಲ್ಲ. ಒಂದೇ ಮೂಳೆಯ ಮೇಲಿನ ಸಾವಿರಾರು ಮೆಶ್ ಬಿಂದುಗಳನ್ನು ಸಾವಿರಾರು ಸ್ವತಂತ್ರ ಅಳತೆಗಳೆಂದು ಎಣಿಸುವುದೂ ತಪ್ಪು. ಪಕ್ಕಪಕ್ಕದ ಬಿಂದುಗಳ ದೋಷ ಒಂದೇ ಮೂಲದಿಂದ ಬಂದದ್ದು.

ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್

ಎಂ.ಆರ್.ಐ.ಯಲ್ಲಿ ಗ್ರೇಡಿಯಂಟ್ ಕ್ಷೇತ್ರ (ಸ್ಥಾನ ಗುರುತಿಸಲು ಬಳಸುವ ಕಾಂತಕ್ಷೇತ್ರ) ಕೇಂದ್ರದಿಂದ ದೂರ ಹೋದಂತೆ ಬಾಗುವುದರಿಂದ ಆಕಾರ ಕೆಡುತ್ತದೆ. ಯಂತ್ರದ ಮೂರು ಆಯಾಮದ ತಿದ್ದುಪಡಿ ಚಾಲೂ ಇದೆಯೇ ನೋಡಿ, ಫ್ಯಾಂಟಮ್ ಅನ್ನು ಕೇಂದ್ರದಲ್ಲೂ ಅಂಚಿನಲ್ಲೂ ಇಟ್ಟು ಅಳೆಯಿರಿ. ಗಟ್ಟಿ ಗೋಳಗಳು ಅಲ್ಲಿ ಕಾಣುವುದಿಲ್ಲ. ತಾಮ್ರದ ಸಲ್ಫೇಟ್ ಬೆರೆಸಿದ ನೀರು ತುಂಬಿದ ಜಾಲದ ಫ್ಯಾಂಟಮ್ ಬೇಕು. ಕೊಬ್ಬು ಮತ್ತು ನೀರಿನ ಆವರ್ತನದ ವ್ಯತ್ಯಾಸ 1.5 ಟೆಸ್ಲಾದಲ್ಲಿ ಸುಮಾರು 220 ಹರ್ಟ್ಸ್. ಪಿಕ್ಸೆಲ್‌ಗೆ 220 ಹರ್ಟ್ಸ್ ಬ್ಯಾಂಡ್‌ವಿಡ್ತ್ (ಆವರ್ತನದ ಹರವು) ಇಟ್ಟರೆ ಕೊಬ್ಬಿನ ಅಂಚು ಒಂದು ಪಿಕ್ಸೆಲ್ ಸರಿದು ಕಾಣುತ್ತದೆ. ಆವರ್ತನದಿಂದ ಸ್ಥಾನ ಗುರುತಿಸುವ ದಿಕ್ಕನ್ನು ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಈ ಸರಿತ ಬಯಲಾಗುತ್ತದೆ.

ಅಲ್ಟ್ರಾಸೌಂಡ್ ಯಂತ್ರ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಭಾವಿಸಿ ಆಳವನ್ನು ಲೆಕ್ಕಹಾಕುತ್ತದೆ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಆ ವೇಗ ಸುಮಾರು 1482. ತಣ್ಣೀರಿನ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದರೆ 100 ಮಿ.ಮೀ. ಆಳ 104ರಂತೆ ಕಾಣುತ್ತದೆ. ನೀರಿನ ಉಷ್ಣತೆ ಬರೆದಿಟ್ಟು ತಿದ್ದಿಕೊಳ್ಳಿ.

ವರದಿಯಲ್ಲಿ ಬರೆಯಬೇಕಾದದ್ದು

ಸ್ಕ್ಯಾನರ್ ಮಾದರಿ, ಟ್ಯೂಬ್ ವೋಲ್ಟೇಜ್, ಸ್ಲೈಸ್ ದಪ್ಪ ಮತ್ತು ಅಂತರ, ಪಿಕ್ಸೆಲ್ ಗಾತ್ರ, ಕರ್ನಲ್, ವಸ್ತು ಗಾಳಿಯಲ್ಲಿತ್ತೋ ನೀರಿನಲ್ಲಿತ್ತೋ, ಥ್ರೆಶೋಲ್ಡ್ ಮತ್ತು ಅದನ್ನು ಆರಿಸಿದ ಬಗೆ, ನಯಗೊಳಿಸಿದ ವಿಧಾನ ಮತ್ತು ಸುತ್ತುಗಳ ಸಂಖ್ಯೆ, ಹೊಂದಿಸಿದ ವಿಧಾನ, ಸಾಫ್ಟ್‌ವೇರ್‌ನ ಆವೃತ್ತಿ, ಆಧಾರ ಉಪಕರಣದ ಅನಿಶ್ಚಿತತೆ. ಮಾದರಿಯನ್ನು ತ್ರಿಡಿ ಪ್ರಿಂಟ್ ಮಾಡುವುದಾದರೆ ಪ್ರಿಂಟ್ ಆದ ವಸ್ತುವನ್ನು ಮೇಲ್ಮೈ ಸ್ಕ್ಯಾನರ್‌ನಲ್ಲಿ ಅಳೆದು, ಎಸ್‌ಟಿಎಲ್ ಕಡತದೊಡನೆ ಪ್ರತ್ಯೇಕವಾಗಿ ಹೋಲಿಸಿದ ಅಂಕಿಯೂ ಇರಲಿ. ಪ್ರಿಂಟರ್‌ನ ದೋಷ ಚಿತ್ರದ ದೋಷದೊಂದಿಗೆ ಬೆರೆಯಬಾರದು.

ಸ್ಕ್ಯಾನರ್‌ನ ಸಾಫ್ಟ್‌ವೇರ್ ಬದಲಾದಾಗ, ಮರುರಚನೆಯ ಪ್ರೋಟೋಕಾಲ್ ತಿದ್ದಿದಾಗ, ಸೆಗ್ಮೆಂಟೇಶನ್ ಉಪಕರಣದ ಹೊಸ ಆವೃತ್ತಿ ಬಂದಾಗ ಗೋಳಗಳ ಫ್ಯಾಂಟಮ್‌ನ ಪರೀಕ್ಷೆಯನ್ನು ಮತ್ತೆ ಮಾಡಿ. ಕೇಂದ್ರಗಳ ದೂರ, ವ್ಯಾಸ ಎರಡೂ ಹಿಂದಿನಂತೆಯೇ ಬಂದರೆ ಮೂಳೆಯ ಪೂರ್ಣ ಪರೀಕ್ಷೆ ಬೇಕಾಗದು. ಎರಡರಲ್ಲಿ ಒಂದು ಕದಲಿದ್ದರೂ ಹಂತ 3ರಿಂದ ಶುರುಮಾಡಿ.